21.5 ಇಂಚಿನ 2011ರ ಐಮ್ಯಾಕ್: ಎಸ್‌ಎಸ್‌ಡಿ, ರ‍್ಯಾಮ್ ಹಾಕೂದು ಹೆಂಗ?

ಗದಗ_ಮುದ್ರಣ
ನಮಸ್ಕಾರ್ರಿ. ಪ್ರೆಸ್ಸಿನಾಗ 2011ರ ಐಮ್ಯಾಕ್ ಐತಿ: 21.5 ಇಂಚು, 2.5 ಗಿಗಾಹರ್ಟ್ಸ್ ಐ5, 4 ಜಿಬಿ ರ‍್ಯಾಮ್, ಕಂಪನಿ ಕೊಟ್ಟ 500 ಜಿಬಿ ಹಾರ್ಡ್‌ಡಿಸ್ಕ್, ಓಎಸ್ 10.9. ಲಗ್ನಪತ್ರಿಕಿ, ಕರಪತ್ರ ಎಲ್ಲಾ ಅಡೋಬಿಯ ಪುಟ ಜೋಡಿಸೋ ಸಾಫ್ಟ್‌ವೇರ್ ಇನ್‌ಡಿಸೈನ್ ಸಿಎಸ್6ನಾಗ ಮಾಡತೀವಿ. ಫೋಟೋ ಇರೋ ಫೈಲ್ ತೆಗದ್ರ ಬಣ್ಣದ ಚಕ್ರ ತಿರಗಕೋತ ಕುಂದ್ರತೈತಿ. ಪರದೆ ಇನ್ನೂ ಛಲೋ ಐತಿ, ಒಗ್ಯಾಕ ಮನಸ್ಸಿಲ್ಲ. ಹಾರ್ಡ್‌ಡಿಸ್ಕಿನ ಬದ್ಲಿ ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿ, ರ‍್ಯಾಮ್ ಏರಿಸಾಕ ಏನೇನ್ ಸಾಮಾನು ತರಬೇಕು? ಓಎಸ್ ಎಲ್ಲೀತನಕ ಏರಿಸಬಹುದು?

ಧಾರವಾಡ_ಬೆಂಚ್
ಬಿಚ್ಚೂದಕ್ಕಿಂತ ಮೊದಲ ಗ್ರಾಫಿಕ್ಸ್ ಕಾರ್ಡ್ ನೋಡ್ರಿ. ಈ ಮಾಡೆಲ್‌ನಾಗ ಇರೋದು ರೇಡಿಯಾನ್ ಎಚ್‌ಡಿ 6750ಎಂ, 512 ಎಂಬಿ. ಕಾದೂ ಕಾದೂ ಅದರ ಬೆಸುಗೆ ಸೋಲತದ. ಪರದೆ ಮ್ಯಾಲೆ ಉದ್ದುದ್ದ ಗೆರೆ, ಗುಲಾಬಿ ಛಾಯೆ, ಅಥವಾ ಚಾಲೂ ಆಗುವಾಗ ಅರ್ಧಕ್ಕ ಬೆಳ್ಳಗಾಗಿ ನಿಲ್ಲೂದು, ಇವು ಕಂಡ್ರ ಎಸ್‌ಎಸ್‌ಡಿಗೆ ರೊಕ್ಕ ಹಾಕಬ್ಯಾಡ್ರಿ. ಹೀಟ್ ಗನ್ ಹಿಡಿದು ಸರಿ ಮಾಡತೀವಿ ಅನ್ನೋರು ಸಿಗತಾರ, ಅದು ಬಾಳಿಕಿ ಬರೂದಿಲ್ಲ.

ಪರೀಕ್ಷೆ ಮಾಡೋ ದಾರಿ ಸರಳ ಅದ. ಮೊದಲ ಫೈಲೆಲ್ಲಾ ಬೇರೆ ಕಡೆ ಕಾಪಿ ಮಾಡ್ರಿ. ಹಳೇ ಡಿಸ್ಕಿನ ಮ್ಯಾಲೇನ ಹೈ ಸಿಯೆರಾ 10.13.6 ಹಾಕ್ರಿ, ಈ ಮಶಿನ್‌ಗೆ ಆಪಲ್ ಕೊಟ್ಟ ಕಡೇ ಓಎಸ್ ಅದ. ಬೋರ್ಡಿನ ಫರ್ಮ್‌ವೇರ್ (ಅದರೊಳಗಿನ ಮೂಲ ಸಾಫ್ಟ್‌ವೇರ್) ಆಗಲೇ ಅಪ್‌ಡೇಟ್ ಆಗತದ. ಅದಾಗದಿದ್ರ ಎಪಿಎಫ್‌ಎಸ್ (ಆಪಲ್‌ನ ಹೊಸ ಡಿಸ್ಕ್ ಫಾರ್ಮ್ಯಾಟ್) ಡಿಸ್ಕಿನಿಂದ ಮಶಿನ್ ಚಾಲೂ ಆಗೂದಿಲ್ಲ. ಆಮೇಲೆ ಎಸ್‌ಎಸ್‌ಡಿಯನ್ನ ಯುಎಸ್‌ಬಿ ಕೇಸಿನಾಗ ಇಟ್ಟು ಕಾರ್ಬನ್ ಕಾಪಿ ಕ್ಲೋನರ್ 5 ಸಾಫ್ಟ್‌ವೇರ್‌ನಿಂದ ಕ್ಲೋನ್ (ಡಿಸ್ಕಿನ ತದ್ರೂಪು ನಕಲು) ಮಾಡ್ರಿ. ಇದರಾಗ ಇರೋದು ಯುಎಸ್‌ಬಿ 2.0. ಸೆಕೆಂಡಿಗೆ 30-35 ಎಂಬಿ ಅಷ್ಟ, 300 ಜಿಬಿಗೆ ಮೂರು ತಾಸು ಹಿಡೀತದ. ಯುಪಿಎಸ್ ಇಲ್ಲದ ಕ್ಲೋನ್‌ಗೆ ಕೈ ಹಾಕಬ್ಯಾಡ್ರಿ. ಆಪ್ಷನ್ ಕೀ ಒತ್ತಿ ಹಿಡಿದು ಆ ಎಸ್‌ಎಸ್‌ಡಿಯಿಂದಲೇ ಚಾಲೂ ಮಾಡಿ ಒಂದು ವಾರ ಕೆಲಸ ಮಾಡ್ರಿ. ಗ್ರಾಫಿಕ್ಸ್ ತಾಳ್ತಂದ್ರ ಆಗ ಬಿಚ್ಚಬಹುದು.

ಫಾರ್ಮ್ಯಾಟ್ ಮಾಡುವಾಗ ಕೇಸ್-ಸೆನ್ಸಿಟಿವ್ (ಫೈಲ್ ಹೆಸರಿನ ಸಣ್ಣ-ದೊಡ್ಡ ಇಂಗ್ಲಿಷ್ ಅಕ್ಷರ ಬೇರೆ ಬೇರೆ ಅನ್ನೋದು) ಆರಿಸಬ್ಯಾಡ್ರಿ, ಅಡೋಬಿ ಇನ್‌ಸ್ಟಾಲ್ ಆಗೂದಿಲ್ಲ. ಸಿಎಸ್6 ಹಳೇ ಜಾವಾ ಕೇಳಿದ್ರ ಆಪಲ್‌ನ ಜಾವಾ 2017-001 ಹಾಕ್ರಿ. ಪ್ಯಾಚರ್ (ಆಪಲ್ ಒಪ್ಪದ ಮಶಿನ್‌ಗೆ ಹೊಸ ಓಎಸ್ ಹಾಕೋ ಸಾಧನ) ಹಚ್ಚಿ ಇನ್ನೂ ಹೊಸ ಓಎಸ್ ಕ್ಯಾಟಲೀನಾಕ್ಕ ಏರಿಸೋ ವಿಚಾರ ಬಿಡ್ರಿ. ಅಲ್ಲಿ 32 ಬಿಟ್ ಸಾಫ್ಟ್‌ವೇರ್ ನಡಿಯೂದಿಲ್ಲ, ಇನ್‌ಡಿಸೈನ್ ಸಿಎಸ್6 32 ಬಿಟ್‌ದ್ದು.

ಹುಬ್ಬಳ್ಳಿ_ಸರ್ವಿಸ್
ಧಾರವಾಡದವರು ಹೇಳಿದ್ದು ಬರೋಬರಿ ಐತಿ. ರ‍್ಯಾಮ್ ಹಾಕಾಕ ಪರದೆ ತಗಿಯೂದ ಬ್ಯಾಡ್ರಿ. ಮಶಿನ್ನನ್ನ ಮೆತ್ತನ ಬಟ್ಟಿ ಮ್ಯಾಲೆ ಬೋರಲು ಮಲಗಿಸಿ, ಕೆಳಗಿನ ಮುಚ್ಚಳದ ಮೂರು ಸ್ಕ್ರೂ ಬಿಚ್ಚಿದ್ರ ನಾಲ್ಕು ಸ್ಲಾಟ್ ಕಾಣತಾವು. 204 ಪಿನ್ನಿನ ಲ್ಯಾಪ್‌ಟಾಪ್ ರ‍್ಯಾಮ್, ಡಿಡಿಆರ್3, 1333 ಮೆಗಾಹರ್ಟ್ಸ್. ಒಳಗ 2 ಜಿಬಿದು ಎರಡು ಇದ್ದೇ ಇರತಾವು. ಖಾಲಿ ಸ್ಲಾಟಿಗೆ 4 ಜಿಬಿದು ಎರಡು ಹಾಕಿದ್ರ 12 ಜಿಬಿ ಆಗತೈತಿ, ನಿಮ್ಮ ಕೆಲಸಕ್ಕ ಸಾಕು. ಐದೈದು ಸೆಕೆಂಡಿಗೆ ಒಂದು ಬೀಪ್ ಬಂದ್ರ ರ‍್ಯಾಮ್ ಪೂರ್ತಿ ಕುಂತಿಲ್ಲ. ಮೂರು ಬೀಪ್ ಬಂದು ತಡದು ಮತ್ತ ಮೂರು ಬಂದ್ರ ರ‍್ಯಾಮೇ ಕೆಟ್ಟಿರತೈತಿ.

ಪರದೆ ತಗದು ಎಸ್‌ಎಸ್‌ಡಿ ಕೂಡಿಸಾಕ ಬೇಕಾಗೂದು ಎರಡು ಸಕ್ಷನ್ ಕಪ್, ಟಿ10 ಮತ್ತ ಟಿ8 ಟಾರ್ಕ್ಸ್ (ನಕ್ಷತ್ರ ತುದಿಯ) ಡ್ರೈವರ್, ಸಣ್ಣ ಎಸ್‌ಎಸ್‌ಡಿಯನ್ನ ದೊಡ್ಡ ಡಿಸ್ಕಿನ ಜಾಗಾದಾಗ ಕೂಡಿಸೋ 2.5ರಿಂದ 3.5 ಇಂಚಿನ ಬ್ರ್ಯಾಕೆಟ್. ವಯರ್ ಕಿತ್ತ ಮ್ಯಾಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ. ಒಳಗಿನ ಪವರ್ ಬೋರ್ಡಿಗೆ ಹಂಗಿದ್ರೂ ಕೈ ಹಚ್ಚಬ್ಯಾಡ್ರಿ, ಕೆಪಾಸಿಟರ್‌ನಾಗ ಕರೆಂಟ್ ಉಳದಿರತೈತಿ. ಮುಂದಿನ ಗಾಜು ಅಯಸ್ಕಾಂತದ ಮ್ಯಾಲೆ ನಿಂತಿರತೈತಿ, ಮ್ಯಾಲಿನ ಮೂಲ್ಯಾಗ ಕಪ್ ಹಚ್ಚಿ ಜಗ್ಗಿದ್ರ ಬರತೈತಿ. ಆಮೇಲೆ ಎಂಟು ಟಿ10 ಸ್ಕ್ರೂ. ಅಂಚಿನ ಅಯಸ್ಕಾಂತ ಸ್ಕ್ರೂನ ಎಳಕೋತೈತಿ, ಅದಕ್ಕ ತುದಿಗೆ ಅಯಸ್ಕಾಂತ ಇರೋ ಡ್ರೈವರ್ ಇದ್ರ ಛಲೋ. ಪರದೆ ಪೂರಾ ಎತ್ತಬ್ಯಾಡ್ರಿ. ಮ್ಯಾಲಿನ ಅಂಚು ನಾಲ್ಕು ಬೆರಳು ಎತ್ತಿ ಹಿಡದು ನಾಲ್ಕೂ ಕೇಬಲ್ ಒಂದೊಂದ ಬಿಡಸ್ರಿ. ತಿರುಗಿ ಹಚ್ಚುವಾಗ ಪರದೆಯ ಉಷ್ಣತೆ ಸೆನ್ಸರಿನ ಸಣ್ಣ ಕೇಬಲ್ ಮರೆತ್ರ ಫ್ಯಾನ್ ಫುಲ್ ಸ್ಪೀಡಿಗೆ ಹೋಗತೈತಿ.

ಗದಗ_ಮುದ್ರಣ
ಗ್ರಾಫಿಕ್ಸಿನ ಗೆರೆ ಇಲ್ಲೀತನಕ ಕಂಡಿಲ್ರಿ. ಹಾರ್ಡ್‌ಡಿಸ್ಕ್ ತಗದು ಎಸ್‌ಎಸ್‌ಡಿ ಹಾಕಿದ್ರೂ ಫ್ಯಾನ್ ಒದರತೈತಿ ಅಂತಾರಲ್ಲ, ಖರೇನಾ?

ಹಾವೇರಿ_ಹಳೇಮ್ಯಾಕ್
ಖರೇ. 2011ರಾಗ ಆಪಲ್ ಹಾರ್ಡ್‌ಡಿಸ್ಕ್ ತನ್ನ ಉಷ್ಣತೆಯನ್ನ ಪವರ್ ಕೇಬಲ್‌ನಾಗೇ ಬೋರ್ಡಿಗೆ ಹೇಳತೈತಿ. ಬ್ಯಾರೆ ಡಿಸ್ಕ್ ಹಾಕಿದ್ರ ಆ ಸುದ್ದಿ ಬರೂದಿಲ್ಲ, ಮಶಿನ್ ಹೆದರಿ ಫ್ಯಾನ್ ಜೋರ್ ಮಾಡತೈತಿ. ಓಡಬ್ಲ್ಯುಸಿ ಕಂಪನಿಯ ಸೆನ್ಸರ್ ಕೇಬಲ್ ಹಾಕಿದ್ರ ಪೂರಾ ಪರಿಹಾರ, ಆದ್ರ ಹೊರಗಿಂದ ತರಿಸಬೇಕು. ಮ್ಯಾಕ್ಸ್ ಫ್ಯಾನ್ ಕಂಟ್ರೋಲ್ ಸಾಫ್ಟ್‌ವೇರ್ ಹಾಕಿ, ಎಚ್‌ಡಿಡಿ (ಹಾರ್ಡ್‌ಡಿಸ್ಕ್) ಫ್ಯಾನನ್ನ ಎಸ್‌ಎಸ್‌ಡಿ ತಾನಾ ಹೇಳೋ ಸ್ಮಾರ್ಟ್ ಉಷ್ಣತೆಗೆ ಕಟ್ಟಿದ್ರೂ ನಡೀತೈತಿ. ಲಾಗಿನ್ ಆಗೂತನಕ ಅಷ್ಟ ಸದ್ದು.

ಇನ್ನೊಂದು ದಾರಿ: ಡಿವಿಡಿ ಡ್ರೈವ್ ತಗದು 12.7 ಎಂಎಂ ಕ್ಯಾಡಿಯಾಗ (ಆ ಡ್ರೈವಿನ ಅಳತಿಯ ಚೌಕಟ್ಟು) ಎಸ್‌ಎಸ್‌ಡಿ ಕೂಡಿಸೂದು. ಫ್ಯಾನಿನ ತಕರಾರು ಇಲ್ಲ, ಡ್ರೈವಿಗೆ ಅಂಟಿಸಿದ ಸೆನ್ಸರ್ ಬಿಡಿಸಿ ಕ್ಯಾಡಿಗೆ ಅಂಟಸ್ರಿ. ಆ ಪೋರ್ಟ್ 3 ಗಿಗಾಬಿಟ್, ಹಾರ್ಡ್‌ಡಿಸ್ಕಿನದು 6. ಇನ್‌ಡಿಸೈನ್ ಕೆಲಸದಾಗ ಫರಕ್ ತಿಳಿಯೂದಿಲ್ಲ. ಆದ್ರ ಇಷ್ಟು ವರ್ಷ ತಿರುಗಿದ ಡಿಸ್ಕನ್ನ ಒಳಗ ಬಿಟ್ರ ಅದರ ಮ್ಯಾಲೆ ಗಿರಾಕಿಗಳ ಫೈಲ್ ಇಡಬ್ಯಾಡ್ರಿ. ನನ್ನ ಕೇಳಿದ್ರ ಡಿಸ್ಕ್ ತಗದು ಅದರ ಜಾಗಾದಾಗ ಎಸ್‌ಎಸ್‌ಡಿ ಹಾಕೂದ ಛಲೋ.

ಗಾಜು ಹಚ್ಚುವಾಗ ಖೋಲ್ಯಾಗಿನ ಫ್ಯಾನ್ ಬಂದ್ ಮಾಡಿ, ಕಿಟಕಿ ಹಾಕ್ರಿ. ನಮ್ಮ ಕಡೆ ಎರಿ ಮಣ್ಣಿನ ಧೂಳು ಒಂದು ಕಣ ಒಳಗ ಉಳಿದ್ರೂ ಬಿಳಿ ಪುಟದ ಮ್ಯಾಲೆ ಚುಕ್ಕಿ ಕಾಣತೈತಿ, ಪ್ರೂಫ್ ನೋಡುವಾಗ ಅಚ್ಚಿನ ತಪ್ಪಂತ ಅನಸತೈತಿ. ರಬ್ಬರ್ ಬ್ಲೋವರ್‌ನಿಂದ ಊದಿ, ಹತ್ತಿ ಕೈಗವಸು ಹಾಕ್ಕೊಂಡು, ಗಾಜಿನ ಕೆಳಗಿನ ಅಂಚು ಮೊದಲ ಕೂಡಿಸಿ ಮ್ಯಾಲಕ್ಕ ಬಿಡ್ರಿ.