ಮಗನ ಪೋಕರ್‌ಗೆ ನನ್ನ ನಿವೃತ್ತಿಯ ಹಣ ಕೊಡಲೇ?

ಪ್ರಶ್ನೆ: ನಿವೃತ್ತ ಗಣಿತ ಶಿಕ್ಷಕಿ, ದಾವಣಗೆರೆ

ನನ್ನ ಮಗನಿಗೆ 27 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಮೂರು ವರ್ಷದಿಂದ ರಾತ್ರಿ ಹೊತ್ತು ಆನ್‌ಲೈನ್‌ನಲ್ಲಿ ಪೋಕರ್ ಎಂಬ ಇಸ್ಪೀಟಾಟ ಆಡುತ್ತಿದ್ದನಂತೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾನೂನು 2025ರ ಆಗಸ್ಟ್‌ನಲ್ಲಿ ಬಂದು, ಅವನ ಆಟ ನಿಂತ ಮೇಲೆಯೇ ನನಗೆ ಅದು ತಿಳಿದದ್ದು. ಈಗ ಕೆಲಸ ಬಿಟ್ಟು ಮನೆಗೆ ಬಂದಿದ್ದಾನೆ. ಪಣಜಿಯಲ್ಲಿ ಕೋಣೆ ಹಿಡಿದು, ಮಾಂಡೋವಿ ನದಿಯ ಕ್ಯಾಸಿನೊ ಹಡಗುಗಳಲ್ಲಿ ಆಡಿ ಬದುಕುತ್ತೇನೆ ಎನ್ನುತ್ತಾನೆ. ಅವನ ಬಳಿ ಎರಡೂವರೆ ಲಕ್ಷವಿದೆ. ಇನ್ನೂ ಎಂಟು ಲಕ್ಷ ಬೇಕು ಎಂದು ಲೆಕ್ಕದ ಹಾಳೆಯನ್ನು ನನ್ನ ಮುಂದಿಟ್ಟ. 36 ತಿಂಗಳ ಲೆಕ್ಕ. ಸೋತ ತಿಂಗಳುಗಳನ್ನು ಕೆಂಪಿನಲ್ಲಿ ಬರೆದಿದ್ದಾನೆ. ಒಟ್ಟಿನಲ್ಲಿ ಆರು ಲಕ್ಷ ಗೆದ್ದಿದ್ದಾನೆ. ನಾನೇ ಕೂಡಿ ನೋಡಿದೆ, ತಪ್ಪಿಲ್ಲ.

ನನ್ನ ತಂದೆ ದೀಪಾವಳಿಯ ಇಸ್ಪೀಟಿನಿಂದ ಶುರು ಮಾಡಿ, ಕೊನೆಗೆ ಕ್ಲಬ್ಬಿನಲ್ಲಿ ಒಂದೂವರೆ ಎಕರೆ ಅಡಿಕೆ ತೋಟ ಕಳೆದವರು. ಗಿರವಿ ಇಟ್ಟ ಅಮ್ಮನ ಓಲೆ ಮರಳಿ ಬರಲೇ ಇಲ್ಲ. ಇಸ್ಪೀಟಿನ ಎಲೆ ಕಂಡರೆ ಇಂದಿಗೂ ನನಗೆ ಹೊಟ್ಟೆ ತೊಳಸುತ್ತದೆ. ಆದರೆ ಇವನು ನನ್ನ ತಂದೆಯಲ್ಲ. "ಇದು ಕ್ಯಾಸಿನೊ ವಿರುದ್ಧದ ಆಟವಲ್ಲಮ್ಮ, ಮೇಜಿನ ಸುತ್ತ ಕುಳಿತವರ ವಿರುದ್ಧದ್ದು. ನೀನೇ ಕಲಿಸಿದ ಸಂಭವನೀಯತೆ" ಎನ್ನುತ್ತಾನೆ. ಹತ್ತನೇ ತರಗತಿಗೆ 28 ವರ್ಷ ಆ ಪಾಠ ಮಾಡಿದವಳು ನಾನು, ಉತ್ತರ ಹೊಳೆಯಲಿಲ್ಲ. ಪಿಂಚಣಿ ಇದೆ, ಎಂಟು ಲಕ್ಷ ಹೋದರೂ ಉಪವಾಸ ಬೀಳುವುದಿಲ್ಲ. ಕೊಡಲೇ? ಕೊಡದಿದ್ದರೆ ಮಗ ದೂರವಾಗುತ್ತಾನೇನೋ ಎಂಬ ಭಯವೇ ಹೆಚ್ಚು ಕಾಡುತ್ತಿದೆ.

ಉತ್ತರ 1: ಹುಬ್ಬಳ್ಳಿ

ಅಮ್ಮಾ, ನಾನು ನಾಲ್ಕು ವರ್ಷ ಪೋಕರ್‌ನಿಂದಲೇ ಹೊಟ್ಟೆ ಹೊರೆದವನು. ಈಗ ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿದ್ದೇನೆ. ನಿಮ್ಮ ಮಗ ಹೇಳುವುದು ಸುಳ್ಳಲ್ಲ, ಪೋಕರ್‌ನಲ್ಲಿ ಕೌಶಲವಿದೆ. ಆದರೆ ಆ ಹಾಳೆಯಲ್ಲಿ ಒಂದು ಕಂಬಸಾಲು ಇಲ್ಲ ಎಂದು ನನ್ನ ಊಹೆ: ಎಷ್ಟು ಸುತ್ತು ಆಡಿದ್ದಾನೆ ಎಂಬುದು. ಆನ್‌ಲೈನ್‌ನಲ್ಲಿ ನಾಲ್ಕು ಮೇಜು ತೆರೆದು ಕುಳಿತರೆ ಗಂಟೆಗೆ 250 ಸುತ್ತು ದಾಟುತ್ತದೆ. ಕ್ಯಾಸಿನೊದಲ್ಲಿ ಎಲೆ ಹಂಚುವುದು ಮನುಷ್ಯರು, 25ರಿಂದ 30 ಸುತ್ತಾದರೆ ಹೆಚ್ಚು. ಅಷ್ಟೇ ಆಟ ಆಡಲು ಹತ್ತು ಪಟ್ಟು ಹೊತ್ತು ಬೇಕು. ಚೆನ್ನಾಗಿ ಆಡುವವನೂ ಅಲ್ಲಿ ತಿಂಗಳುಗಟ್ಟಲೆ ಸೋಲಬಲ್ಲ. ಅದು ಅವನ ತಪ್ಪೋ ದುರದೃಷ್ಟವೋ ಎಂದು ತಿಳಿಯುವಷ್ಟರಲ್ಲಿ ಬಾಡಿಗೆಗೂ ಹಣವಿರುವುದಿಲ್ಲ. ಮೇಲಾಗಿ, ಪ್ರತಿ ಸುತ್ತಿನಲ್ಲೂ ಹಣವಿಟ್ಟು ಆಡುವ ಆಟವಾದರೆ ಮೇಜಿನ ಮೇಲೆ ಕೂಡಿದ ಮೊತ್ತದಲ್ಲಿ ಕ್ಯಾಸಿನೊ ತನ್ನ ಪಾಲು ಮುರಿದುಕೊಳ್ಳುತ್ತದೆ, ಅದನ್ನು ರೇಕ್ ಎನ್ನುತ್ತಾರೆ. ಗೆಲುವಿಗೆ ಶೇ 30ರ ತೆರಿಗೆ, ಸೋಲನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ.

ಒಂದು ಮಾತು ಕೇಳಿ ನೋಡಿ. ಈ ಕಸುಬಿನಲ್ಲಿ ಪಳಗಿದವರು ಹುಡುಗನ ಆಟ ಮೆಚ್ಚಿದರೆ ತಾವೇ ಹಣ ಹೂಡಿ ಗೆಲುವಿನಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಹಾಗೆ ಹೂಡಲು ಯಾರಾದರೂ ಮುಂದೆ ಬಂದಿದ್ದಾರೆಯೇ? ಆಟ ಬಲ್ಲವರು ಕೊಡದ ಹಣವನ್ನು ಆಟ ತಿಳಿಯದ ತಾಯಿ ಏಕೆ ಕೊಡಬೇಕು? ನನ್ನ ಅಪ್ಪ ಕೊಟ್ಟಿದ್ದರು. ಆ ಹಣವಿಟ್ಟು ಕುಳಿತ ಪ್ರತಿ ರಾತ್ರಿ ನನ್ನ ಕೈ ನಡುಗಿದೆ. ಗೆಲ್ಲುವ ಎಲೆ ಕೈಯಲ್ಲಿದ್ದರೂ ಹೆದರಿ ಬಿಟ್ಟಿದ್ದೇನೆ. ಸೋತಾಗ ಮನೆಗೆ ಫೋನ್ ಮಾಡುವ ಮುಖವಿಲ್ಲದೆ ಏಳು ತಿಂಗಳು ಮಾತು ಬಿಟ್ಟಿದ್ದೆ. ಮಗ ದೂರವಾದಾನು ಎಂಬ ನಿಮ್ಮ ಭಯ ನಿಜ, ಆದರೆ ನನ್ನನ್ನು ಮನೆಯಿಂದ ದೂರ ಮಾಡಿದ್ದು ಅಪ್ಪ ಕೊಟ್ಟ ಹಣವೇ.

ಉತ್ತರ 2: ಮೈಸೂರು

ಅಕ್ಕಾ, ನನ್ನ ಪತಿಯದು ರಮ್ಮಿ. ಅವರೂ ಲೆಕ್ಕ ಬರೆಯುತ್ತಿದ್ದರು, ಆದರೆ ಆ್ಯಪ್‌ಗಳಿಂದ ತಂದ ಸಾಲ ಅದರಲ್ಲಿ ಇರಲಿಲ್ಲ. ಹಾಳೆಯ ಜೊತೆಗೆ ಬ್ಯಾಂಕ್ ಪಾಸ್‌ಬುಕ್ಕನ್ನೂ ತೋರಿಸಲು ಹೇಳಿ. ಯಾವ ಸಾಲಕ್ಕೂ ಜಾಮೀನು ಸಹಿ ಹಾಕಬೇಡಿ. ನಿದ್ದೆ ಕೆಟ್ಟಿದ್ದರೆ, ಆಡದ ದಿನ ಸಿಡಿಮಿಡಿ ಎನ್ನುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ನಾನು ಅವರನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದದ್ದು ನನ್ನ ಮಾಂಗಲ್ಯ ಸರವೂ ಸಾಲಕ್ಕೆ ಹೋದ ಮೇಲೆ. ಅಷ್ಟು ಹೊತ್ತು ಕಾಯಬೇಡಿ.

ಪ್ರಶ್ನೆ ಕೇಳಿದವರು, ಒಂಬತ್ತು ದಿನಗಳ ನಂತರ

ಪಾಸ್‌ಬುಕ್ ತೋರಿಸಿದ. ಸಾಲವಿಲ್ಲ. ಆ ರಾತ್ರಿ ನಾನು ನಿದ್ದೆ ಮಾಡಿದೆ.

ಸುತ್ತುಗಳ ಲೆಕ್ಕ ಕೇಳಿದೆ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳು ಸಲ ಶಿರ ಬೀಳಬಹುದು, ಸಾವಿರ ಸಲ ಚಿಮ್ಮಿದರೆ 700 ಬೀಳುವುದಿಲ್ಲ. ನೀನು ಹೋಗುತ್ತಿರುವುದು ಹತ್ತು ಸಲ ಚಿಮ್ಮುವ ಕಡೆಗೆ ಎಂದೆ. ತುಂಬಾ ಹೊತ್ತು ಸುಮ್ಮನಿದ್ದ. ಹಣ ಹೂಡುವವರ ವಿಷಯ ಕೇಳಿದಾಗ, ಇಬ್ಬರನ್ನು ಕೇಳಿದ್ದೆ, ಇಬ್ಬರೂ ಒಪ್ಪಲಿಲ್ಲ ಎಂದ. ಅದನ್ನು ಮುಚ್ಚಿಡದೆ ಹೇಳಿದನಲ್ಲ, ಅಷ್ಟಕ್ಕೇ ನನ್ನ ಗಂಟಲು ಕಟ್ಟಿತು.

ಎಂಟು ಲಕ್ಷ ಕೊಡುವುದಿಲ್ಲ ಎಂದಿದ್ದೇನೆ. ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಅಡುಗೆಮನೆಗೆ ಬಂದು ತೆಂಗಿನಕಾಯಿ ತುರಿದುಕೊಟ್ಟ. ತನ್ನ ಎರಡೂವರೆ ಲಕ್ಷದಲ್ಲಿ ಒಂದು ಲಕ್ಷವನ್ನು ಊಟ, ಬಾಡಿಗೆಗೆಂದು ಬೇರೆ ಖಾತೆಗೆ ಹಾಕಿದ್ದಾನೆ. ಮುಂದಿನ ತಿಂಗಳು ವಾಸ್ಕೋ ರೈಲಿಗೆ ಹೋಗುತ್ತಾನೆ. ಪ್ರತಿ ಭಾನುವಾರ ಬೆಳಿಗ್ಗೆ ಫೋನ್ ಮಾಡಬೇಕು, ಸೋತ ವಾರವೂ ಮಾಡಬೇಕು ಎಂದು ಹೇಳಿದ್ದೇನೆ. ಎಷ್ಟು ಬಂತು, ಎಷ್ಟು ಹೋಯಿತು ಎಂದು ನಾನಾಗಿ ಕೇಳುವುದಿಲ್ಲ ಎಂದೂ ಮಾತು ಕೊಟ್ಟಿದ್ದೇನೆ. ಹುಬ್ಬಳ್ಳಿಯ ತಮ್ಮಾ, ಅವನು ನಿಮ್ಮೊಡನೆ ಮಾತನಾಡಬೇಕಂತೆ. ಆಗುತ್ತದೆಯೇ?