ಶಿರಸಿ ಕಡೆಯ ತಾರಸಿ ಮನೆಯಲ್ಲಿ ಚಳಿ: ಹೀಟರ್ ಇಲ್ಲದೆ ಬೆಚ್ಚಗಿಡಲು ದಾರಿಯಿದೆಯೇ?

ಪ್ರಶ್ನೆ (ಬರೆದವರು: ತೋಟದಂಚು)

ನಮ್ಮ ಮನೆಯು ಶಿರಸಿ–ಸಿದ್ದಾಪುರ ದಾರಿಯ ಒಂದು ಹಳ್ಳಿಯಲ್ಲಿ, ಅಡಿಕೆ ತೋಟಕ್ಕೆ ತಾಗಿದ ಇಳಿಜಾರಿನಲ್ಲಿದೆ. ಮಣ್ಣಿನ ಗೋಡೆಯ, ಮರದ ಮುಚ್ಚಿಗೆಯಿದ್ದ ಹಳೆಯ ಹಂಚಿನ ಮನೆಯನ್ನು ತೆಗೆದು, ಅದೇ ಜಾಗದಲ್ಲಿ ಚಿರೇಕಲ್ಲಿನ ಗೋಡೆ, ಕಾಂಕ್ರೀಟ್ ತಾರಸಿ, ಜಾರುವ ಅಲ್ಯೂಮಿನಿಯಂ ಕಿಟಕಿ ಮತ್ತು ನುಣುಪಾದ ಟೈಲ್ಸ್ ನೆಲದ ಹೊಸ ಮನೆಯನ್ನು ಕಟ್ಟಿಸಿದ್ದೇವೆ. ಮಳೆಗಾಲದಲ್ಲಿ ಸೋರುವುದಿಲ್ಲ, ಇಲಿಗಳ ಕಾಟವೂ ತಪ್ಪಿದೆ. ಆದರೆ ದೀಪಾವಳಿ ಕಳೆದು ಬಾನು ತಿಳಿಯಾಗತೊಡಗಿದ ಮೇಲೆ ಬೆಳಗಿನ ಜಾವದ ಚಳಿಯನ್ನು ತಡೆಯಲಾಗುತ್ತಿಲ್ಲವೆಂದು ಎಂಬತ್ತು ದಾಟಿದ ಅಪ್ಪಯ್ಯ ಮತ್ತು ಆಯಿ ಹೇಳುತ್ತಾರೆ. ಹಳೆಯ ಮನೆ ಇಷ್ಟು ತಣ್ಣಗಿರಲಿಲ್ಲ ಎಂಬುದು ಇಬ್ಬರದೂ ಒಂದೇ ಮಾತು. ಇದು ವಯಸ್ಸಿನಿಂದ ಹಾಗೆನಿಸುವುದೋ, ಮನೆಯಲ್ಲಿಯೇ ವ್ಯತ್ಯಾಸವಿದೆಯೋ ಎಂಬುದು ನನ್ನ ಮೊದಲ ಪ್ರಶ್ನೆ.

ಪೇಟೆಯ ಅಂಗಡಿಯವರು ಪ್ರತಿ ಕೋಣೆಗೂ 2,000 ವಾಟಿನ ಹೀಟರ್ ಇಡುವಂತೆ ಸಲಹೆ ಕೊಟ್ಟಿದ್ದಾರೆ. ನಮ್ಮಲ್ಲಿ ವೋಲ್ಟೇಜ್ ಸಂಜೆಯ ಹೊತ್ತಿಗೆ ಬಹಳ ಇಳಿಯುತ್ತದೆ, ಬಿಲ್ಲಿನ ಚಿಂತೆಯೂ ಇದೆ. ಕಬ್ಬಿಣದ ಬಾಣಲೆಯಲ್ಲಿ ಬಚ್ಚಲೊಲೆಯ ಕೆಂಡವನ್ನು ತುಂಬಿ ಮಲಗುವ ಕೋಣೆಯಲ್ಲಿಟ್ಟರೆ ಸಾಕೆಂದು ಅಪ್ಪಯ್ಯ ಹೇಳುತ್ತಾರೆ. ಕಟ್ಟಡದ ಕೆಲಸ ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.


ಉತ್ತರ (ಬರೆದವರು: ಪಕಾಸು ರೀಪು)

ತಮ್ಮ ಹಿರಿಯರು ಹೇಳುವುದು ನಿಜ. ನಮ್ಮ ಘಟ್ಟದ ಮೇಲಿನ ಭಾಗದಲ್ಲಿ ಮನೆ ಕಟ್ಟುವ ಕೆಲಸವನ್ನೇ ಬಹುಕಾಲದಿಂದ ಮಾಡಿಕೊಂಡು ಬಂದಿರುವ ನನಗೆ ಈ ದೂರು ಹೊಸದಲ್ಲ. ಹೊಸ ಮನೆಗೆ ಹೋದ ಮೊದಲ ಚಳಿಗಾಲದಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ಮನೆಯ ಹಿರಿಯರೂ ಇದನ್ನೇ ಹೇಳುತ್ತಾರೆ.

ಹಳೆಯ ಮನೆ ಬೆಚ್ಚಗಿದ್ದುದಕ್ಕೆ ಗೋಡೆಯೊಂದೇ ಕಾರಣವೆಂದು ಅನೇಕರು ತಿಳಿಯುತ್ತಾರೆ. ಗೋಡೆಗಿಂತ ದೊಡ್ಡ ಕಾರಣ ಬೆಂಕಿ. ನಸುಕಿನಲ್ಲಿ ಬಚ್ಚಲ ಹಂಡೆಯ ಕೆಳಗೆ ಹೊತ್ತಿಸಿದ ಬೆಂಕಿ, ಅಡುಗೆಮನೆಯ ಒಲೆ, ದನಗಳಿಗೆ ಬೇಯಿಸುವ ಒಲೆ, ಅಡಿಕೆ ಸುಗ್ಗಿಯಲ್ಲಿ ಅಂಗಳದಂಚಿನ ಅಡಿಕೆ ಬೇಯಿಸುವ ಒಲೆ ಎಲ್ಲವೂ ಸೇರಿ ಆ ಮನೆಯೊಳಗೆ ಅಥವಾ ಅದರ ಮಗ್ಗುಲಲ್ಲಿ ದಿನದ ಬಹುಪಾಲು ಸೌದೆ ಉರಿಯುತ್ತಲೇ ಇತ್ತು. ಈಗ ಗ್ಯಾಸಿನ ಒಲೆ ಅಡುಗೆಗೆ ಬೇಕಾದಷ್ಟೇ ಹೊತ್ತು ಉರಿದು ಆರುತ್ತದೆ, ನೀರು ಸೋಲಾರಿನಿಂದ ಬರುತ್ತದೆ. ಹೊಗೆ ಹೋದದ್ದು ಒಳ್ಳೆಯದೇ ಆಯಿತು, ಅದಕ್ಕಾಗಿ ಯಾರೂ ಹಲುಬಬೇಕಾಗಿಲ್ಲ. ಆದರೆ ಹೊಗೆಯ ಜೊತೆ ಮನೆಗೆ ಸಿಗುತ್ತಿದ್ದ ಶಾಖವೂ ಹೋಯಿತೆಂಬುದನ್ನು ನಕ್ಷೆ ಬರೆಯುವವರು ಲೆಕ್ಕಕ್ಕೆ ಹಿಡಿಯಲಿಲ್ಲ.

ಎರಡನೆಯ ಕಾರಣ ತಲೆಯ ಮೇಲಿದೆ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯುವುದಕ್ಕೂ ಮೊದಲು ನಮ್ಮಲ್ಲಿ ಮಾಡಿಗೆ ಸೋಗೆಯನ್ನೋ ಹುಲ್ಲನ್ನೋ ಹೊದೆಸುತ್ತಿದ್ದರು, ಆ ಹೊದಿಕೆಯೊಳಗೆ ಸಿಕ್ಕಿಕೊಂಡ ಗಾಳಿಯು ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ. ಹಂಚು ಬಂದ ಮೇಲೂ ಅದರಡಿಯಲ್ಲಿ ಅಟ್ಟವೋ ಮುಚ್ಚಿಗೆಯೋ ಉಳಿಯಿತು. ಮರದ ಮೂಲಕ ಶಾಖ ಹಾಯುವುದು ಕಾಂಕ್ರೀಟಿಗೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ತಮ್ಮ ಹೊಸ ಮನೆಯ ಐದಂಗುಲದ ಕಾಂಕ್ರೀಟ್ ತಾರಸಿಯು ತಿಳಿಬಾನಿನ ರಾತ್ರಿಯಲ್ಲಿ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಸೂಸುತ್ತದೆ, ಮೋಡವಿದ್ದ ರಾತ್ರಿ ಅಷ್ಟು ಚಳಿಯಾಗದಿರುವುದು ಮತ್ತು ಬಾನು ತಿಳಿಯಾದೊಡನೆ ಇಬ್ಬನಿ ಬೀಳುವುದು ಇದೇ ಕಾರಣದಿಂದ. ಬೆಳಗಿನ ಜಾವಕ್ಕೆ ಆ ತಾರಸಿ ಒಳಗಿನ ಗಾಳಿಗಿಂತ ತಣ್ಣಗಾಗಿ, ಕೆಳಗೆ ಮಲಗಿದವರ ಮೈಶಾಖವನ್ನು ಎಳೆದುಕೊಳ್ಳತೊಡಗುತ್ತದೆ. ಕೋಣೆಯ ಗಾಳಿಯ ಉಷ್ಣತೆ ಅಷ್ಟೇನೂ ಇಳಿದಿರದಿದ್ದರೂ ಮೈ ನಡುಗುವುದು ಇದರಿಂದಲೇ.

ಹೀಗಿರುವಾಗ ಪ್ರತಿ ಕೋಣೆಗೆ 2,000 ವಾಟಿನ ಹೀಟರ್ ಇಟ್ಟರೆ, ಗಂಟೆಗೆ ಎರಡು ಯೂನಿಟ್ಟಿನಂತೆ ಹೆಸ್ಕಾಂನಿಂದ ಕೊಂಡ ಶಾಖವು ತಾರಸಿಯ ಮೂಲಕ ನಕ್ಷತ್ರಗಳಿಗೆ ಹೋಗುತ್ತದೆ. ನಮ್ಮದು ಕಾಶ್ಮೀರದ ಚಳಿಯಲ್ಲ. ಹಗಲಿಡೀ ಒಳ್ಳೆಯ ಬಿಸಿಲಿರುತ್ತದೆ, ಕಷ್ಟವಾಗುವುದು ನಡುರಾತ್ರಿಯಿಂದ ಸೂರ್ಯೋದಯದವರೆಗೆ. ಆದ್ದರಿಂದ ಹೊಸದಾಗಿ ಶಾಖ ಹುಟ್ಟಿಸುವುದಕ್ಕಿಂತ, ಹಗಲಿನ ಶಾಖವನ್ನು ಹಿಡಿದಿಟ್ಟು ಮಲಗಿದವರನ್ನು ಬೆಚ್ಚಗಿಡುವುದೇ ನಮ್ಮಂಥ ಕಡೆಗೆ ತಕ್ಕ ದಾರಿಯೆಂದು ನನ್ನ ಅಭಿಪ್ರಾಯ.

ಮೊದಲು ಖರ್ಚಿಲ್ಲದ ಕೆಲಸವನ್ನು ಹೇಳುತ್ತೇನೆ. ಹಿರಿಯರು ಮಲಗುವ ಕೋಣೆ ಉತ್ತರಕ್ಕೋ ಈಶಾನ್ಯಕ್ಕೋ ಇದ್ದರೆ ಚಳಿಗಾಲದ ಮಟ್ಟಿಗೆ ಅವರ ಮಂಚವನ್ನು ನೈಋತ್ಯದ ಕೋಣೆಗೆ ಬದಲಿಸಿ. ಶಿರಸಿಯು ಉತ್ತರ ಅಕ್ಷಾಂಶ ಹದಿನಾಲ್ಕೂವರೆ ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯ ನೆತ್ತಿಗೇರದೆ ದಕ್ಷಿಣಕ್ಕೆ ವಾಲಿ, ಸುಮಾರು 52 ಡಿಗ್ರಿ ಎತ್ತರದಲ್ಲಿಯೇ ಸಾಗುತ್ತಾನೆ. ದಕ್ಷಿಣದ ಕಿಟಕಿಯಿಂದ ಆ ಬಿಸಿಲು ನೆಲದವರೆಗೂ ಬರುತ್ತದೆ. ಮಧ್ಯಾಹ್ನ ಕಾದ ಪಡುವಣ ಗೋಡೆಯ ಶಾಖವು ಒಂಬತ್ತಂಗುಲದ ಚಿರೇಕಲ್ಲನ್ನು ದಾಟಿ ಒಳಗೆ ತಲುಪಲು ಆರೇಳು ಗಂಟೆ ಬೇಕಾಗುವುದರಿಂದ, ಅದು ಬೇಕಾದ ಹೊತ್ತಿಗೇ, ಅಂದರೆ ರಾತ್ರಿ ಮಲಗುವ ವೇಳೆಗೆ, ಕೈಗೆ ಸಿಗುತ್ತದೆ. ಏಪ್ರಿಲ್ ಬಂದಾಗ ಅದೇ ಕೋಣೆ ಕಾದ ಕಾವಲಿಯಾಗುತ್ತದೆ, ಆಗ ಮಂಚವನ್ನು ಹಿಂದಕ್ಕೆ ಒಯ್ದರಾಯಿತು.

ಕಿಟಕಿಯ ವಿಷಯದಲ್ಲಿ ಹೇಳುವುದಾದರೆ, ಜಾರುವ ಚೌಕಟ್ಟಿನ ಸಂದುಗಳಲ್ಲಿ ಗಾಳಿ ಸದಾ ನುಸುಳುತ್ತದೆ. ಇಳಿಜಾರಿನ ಮೇಲಿರುವ ಮನೆಗೆ ರಾತ್ರಿ ಗುಡ್ಡದಿಂದ ತೋಟದ ಕಡೆಗೆ ತಂಪುಗಾಳಿ ಇಳಿಯುವುದರಿಂದ ಗುಡ್ಡದ ಕಡೆಯ ಕಿಟಕಿ ಬಾಗಿಲುಗಳ ಸಂದನ್ನು ಮೊದಲು ಮುಚ್ಚಬೇಕು. ದಪ್ಪನೆಯ ಪರದೆಯನ್ನು ನೆಲ ಮುಟ್ಟುವಷ್ಟು ಉದ್ದವಾಗಿ ಹಾಕಿಸಿ, ಹಗಲು ಪೂರ್ತಿ ಸರಿಸಿಡಿ, ಬಿಸಿಲು ಇಳಿದ ಕೂಡಲೇ ಎಳೆಯಿರಿ.

ಖರ್ಚು ಮಾಡುವುದಿದ್ದರೆ ಆ ಒಂದು ಕೋಣೆಗೆ ಮುಚ್ಚಿಗೆಯನ್ನೇ ಮಾಡಿಸಿ. ತಾರಸಿಗೂ ಮುಚ್ಚಿಗೆಗೂ ನಡುವೆ ಎರಡಂಗುಲದ ಥರ್ಮೋಕೋಲ್ ಹಾಸಿದರೆ ಮೇಲಕ್ಕೆ ಸೋರುವ ಶಾಖವು ಲೆಕ್ಕದ ಪ್ರಕಾರ ಏಳನೆಯ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಥರ್ಮೋಕೋಲ್ ಬೇಗ ಹೊತ್ತಿಕೊಂಡು ವಿಷಹೊಗೆ ಕಾರುವುದರಿಂದ ಅದನ್ನು ತೆರೆದಿಡದೆ ಜಿಪ್ಸಂ ಹಲಗೆಯ ಹಿಂದೆ ಪೂರ್ತಿ ಮುಚ್ಚಬೇಕು, ವೈರುಗಳನ್ನು ಪೈಪಿನೊಳಗೆ ಹಾಯಿಸಬೇಕು.


ಉತ್ತರ (ಬರೆದವರು: ಕುಮಟೆಯ ದಾದಿ)

ಕೆಂಡದ ವಿಷಯವನ್ನು ಯಾರೂ ಮುಟ್ಟದಿರುವುದರಿಂದ ಬರೆಯುತ್ತಿದ್ದೇನೆ. ತಮ್ಮ ಅಪ್ಪಯ್ಯನವರಿಗೆ ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ. ಹಳೆಯ ಮನೆಯಲ್ಲಿ ಕೆಂಡವಿಟ್ಟರೂ ಏನೂ ಆಗುತ್ತಿರಲಿಲ್ಲವೆಂದರೆ, ಹಂಚಿನ ಸಂದುಗಳಿಂದ ಗಾಳಿಯಾಡುತ್ತಿದ್ದುದೇ ಅದಕ್ಕೆ ಕಾರಣ. ತಾರಸಿ ಮನೆಯ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರಿಗೆ ತಲೆನೋವೂ ಗೊತ್ತಾಗದೆ ಪ್ರಜ್ಞೆ ತಪ್ಪಬಹುದು. ಮೇಲಿನವರು ಹೇಳಿದಂತೆ ಸಂದುಗಳನ್ನೆಲ್ಲ ಮುಚ್ಚಿದ ಮೇಲೆ ಈ ಅಪಾಯ ಇನ್ನಷ್ಟು ಹೆಚ್ಚುತ್ತದೆ. ಬಚ್ಚಲುಮನೆಯೊಳಗೇ ಕೂರಿಸಿದ ಗ್ಯಾಸ್ ಗೀಸರಿಗೂ ಈ ಮಾತು ಅನ್ವಯಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ವಸತಿ ಮತ್ತು ಆರೋಗ್ಯದ ಕುರಿತು ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರುವುದು ಸುರಕ್ಷಿತವೆಂದೂ, ವೃದ್ಧರಿಗೆ ಅದಕ್ಕಿಂತ ಹೆಚ್ಚು ಬೇಕಾಗಬಹುದೆಂದೂ ಹೇಳಿದೆ. ಗೋಡೆಗೆ ಒಂದು ಸಣ್ಣ ಉಷ್ಣಮಾಪಕವನ್ನು ತೂಗುಹಾಕಿದರೆ ಬೆಳಗಿನ ಜಾವದ ಅಂಕಿ ತಮಗೇ ತಿಳಿಯುತ್ತದೆ. ಬಿಸಿನೀರಿನ ರಬ್ಬರ್ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಕಾಲಬುಡದಲ್ಲಿಡಬಹುದು. ಸಕ್ಕರೆ ಕಾಯಿಲೆಯಿಂದ ಪಾದಕ್ಕೆ ಸ್ಪರ್ಶ ಕಡಿಮೆಯಾದವರಿಗೆ ಮಾತ್ರ ಹಾಸಿಗೆಯನ್ನು ಮೊದಲೇ ಬಿಸಿ ಮಾಡಿ, ಮಲಗುವಾಗ ಚೀಲವನ್ನು ತೆಗೆಯಬೇಕು, ಏಕೆಂದರೆ ಸುಟ್ಟದ್ದು ಅವರ ಅರಿವಿಗೆ ಬರುವುದಿಲ್ಲ. ಇದ್ದಕ್ಕಿದ್ದಂತೆ ಚಳಿ ತಾಳಲಾಗದೆ ಹೋಗಿದ್ದರೆ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆಯನ್ನೂ ಮಾಡಿಸಿ, ಎಲ್ಲವನ್ನೂ ತಾರಸಿಯ ತಲೆಗೆ ಕಟ್ಟಬೇಡಿ.


ಉತ್ತರ (ಬರೆದವರು: ಕಾಳಿ ದಂಡೆ, ಕಾರವಾರ)

ನಾವು ಕಡಲ ಬದಿಯವರು, ಘಟ್ಟದ ಮೇಲಿನವರು ಹೇಳುವ ಚಳಿ ನಮಗಿಲ್ಲ. ಹಾಗಿದ್ದರೂ ಜನವರಿಯಲ್ಲಿ ರಾತ್ರಿ ನೆಲದ ಕಡೆಯಿಂದ ಕಡಲಿಗೆ ಬೀಸುವ ಗಾಳಿಗೆ ಮೂಡಣದ ಕಿಟಕಿಗಳನ್ನು ಮುಚ್ಚುತ್ತೇವೆ. ನನ್ನ ಮಾತು ಸಣ್ಣದು. ಸಂದು ಮುಚ್ಚುವ ಸಲಹೆಯನ್ನು ಕರಾವಳಿಯವರು ಓದಿ ಹಾಗೆಯೇ ಅನುಸರಿಸಿದರೆ ತೇವ ಹೊರಹೋಗದೆ ಗೋಡೆಯ ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಶಿರಸಿಯಲ್ಲಿಯೂ ಹಗಲು ಕೆಲಹೊತ್ತು ಎದುರುಬದುರಿನ ಕಿಟಕಿಗಳನ್ನು ತೆರೆದಿಡುವುದು ಒಳ್ಳೆಯದು.

ಹೊದಿಕೆಯ ಬಗ್ಗೆ ಯಾರೂ ಬರೆದಿಲ್ಲವಲ್ಲ? ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಪದರಪದರವಾಗಿ ಕೂಡಿಸಿ ಕೈಯಲ್ಲಿ ಹೊಲಿಯುವ ಕೌದಿಯನ್ನು ಬೆನ್ನಡಿಗೆ ಹಾಸಿಕೊಂಡು, ಮೇಲೆ ಕಂಬಳಿ ಹೊದ್ದರೆ ದುಬಾರಿ ರಜಾಯಿ ಬೇಕಾಗುವುದಿಲ್ಲ. ಮೈಶಾಖ ಕೆಳಗಿನಿಂದಲೂ ಹೋಗುತ್ತದೆಂಬುದನ್ನು ಹೆಚ್ಚಿನವರು ಗಮನಿಸದೆ ಮೇಲೆ ಮೇಲೆಯೇ ಹೊದೆಯುತ್ತಾ ಹೋಗುತ್ತಾರೆ.


ಮರುಪ್ರಶ್ನೆ (ಬರೆದವರು: ತೋಟದಂಚು)

ಎಲ್ಲರಿಗೂ ಕೃತಜ್ಞತೆಗಳು. ಕೆಂಡದ ವಿಚಾರವನ್ನು ಅಪ್ಪಯ್ಯನಿಗೆ ಓದಿ ಹೇಳಿದೆ, ಒಪ್ಪಿದ್ದಾರೆ. ಅವರ ಕೋಣೆ ಈಶಾನ್ಯಕ್ಕೇ ಇದೆ. ನೈಋತ್ಯದ ಕೋಣೆಯಲ್ಲಿ ಈಗ ಅಡಿಕೆ ಚೀಲಗಳಿವೆ, ಅವುಗಳನ್ನು ಬೇರೆ ಕಡೆ ಇಡಬಹುದು. ಇನ್ನೊಂದು ಸಂದೇಹವಿದೆ. ತಾರಸಿಯ ಮೇಲೆ ಅಡಿಕೆ ಒಣಗಿಸಲು ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟಿನ ಮಾಡು ಹಾಕಿಸಬೇಕೆಂದಿದ್ದೇವೆ. ಅದರಿಂದ ಕೆಳಗಿನ ಕೋಣೆಗೆ ಅನುಕೂಲವೋ, ತೊಂದರೆಯೋ? ಹಾಗೆಯೇ, ಹೀಟರ್ ಬೇಡವೇ ಬೇಡವೆಂದು ತಮ್ಮ ಅಭಿಪ್ರಾಯವೇ?


ಉತ್ತರ (ಬರೆದವರು: ಪಕಾಸು ರೀಪು)

ಶೀಟು ಹಾಕಿಸುವುದಾದರೆ ನೈಋತ್ಯದ ಕೋಣೆಯ ಮೇಲ್ಭಾಗಕ್ಕೇ ಹಾಕಿಸಿ. ಪಾಲಿಕಾರ್ಬೊನೇಟ್ ಹಗಲಿನ ಬಿಸಿಲನ್ನು ಒಳಗೆ ಬಿಡುತ್ತದೆ, ಆದರೆ ರಾತ್ರಿ ಕಾಂಕ್ರೀಟು ಸೂಸುವ ಶಾಖಕಿರಣಗಳನ್ನು ಬಹುಮಟ್ಟಿಗೆ ಹೊರಗೆ ಬಿಡುವುದಿಲ್ಲ. ಅಡಿಕೆಯೂ ಒಣಗುತ್ತದೆ, ತಾರಸಿಯೂ ಬೆಳಗಿನವರೆಗೆ ಅಷ್ಟು ತಣ್ಣಗಾಗುವುದಿಲ್ಲ. ತಗಡಿನ ಮಾಡಾದರೆ ರಾತ್ರಿಯ ಲಾಭ ಸಿಗುತ್ತದೆಯೇ ಹೊರತು ಹಗಲಿನ ಬಿಸಿಲು ತಪ್ಪಿಹೋಗುತ್ತದೆ. ಅಡಿಕೆಯ ತೇವ ಹೊರಹೋಗಲು ಹಗಲಿನಲ್ಲಿ ಎರಡು ಬದಿಯೂ ತೆರೆದಿರಬೇಕು, ಸಂಜೆ ಇಳಿಬಿಡುವ ಪರದೆಯಿದ್ದರೆ ಸಾಕು. ಬೇಸಿಗೆಯಲ್ಲಿ ಶೀಟಿನ ಮೇಲೆ ನೆರಳುಬಲೆಯನ್ನು ಎಳೆಯದಿದ್ದರೆ ಕೆಳಗೆ ಕೂರಲು ಸಾಧ್ಯವಾಗದು. ಈ ಮಾಡು ಆದ ಮೇಲೆ ಆ ಕೋಣೆಗೆ ಥರ್ಮೋಕೋಲಿನ ಮುಚ್ಚಿಗೆ ಬೇಡ, ಮೇಲೆ ಕಾದ ತಾರಸಿಯ ಶಾಖ ಕೋಣೆಗೆ ಇಳಿಯದಂತೆ ಅದು ತಡೆಯುತ್ತದೆ. ಮುಂದೆಯೂ ಈಶಾನ್ಯದ ಕೋಣೆಯಲ್ಲಿಯೇ ಮಲಗುವುದಿದ್ದರೆ ಮಾತ್ರ ಅಲ್ಲಿಗೆ ಮುಚ್ಚಿಗೆ ಮಾಡಿಸಿ.

ಹೀಟರ್ ಪೂರ್ತಿ ಬೇಡವೆಂದು ನಾನು ಹೇಳಲಾರೆ. ಹಿರಿಯರು ಎದ್ದು ಬಟ್ಟೆ ಬದಲಿಸುವ ಹೊತ್ತಿಗೆ 800 ವಾಟಿನ, ಕೆಂಪಗೆ ಕಾಯುವ ಸಣ್ಣ ಹೀಟರನ್ನು ಅರ್ಧ ಗಂಟೆ ಉರಿಸಿದರೆ ಅರ್ಧ ಯೂನಿಟ್ಟೂ ಆಗುವುದಿಲ್ಲ. ಅದು ಗಾಳಿಯನ್ನು ಕಾಯಿಸುವ ಬದಲು ನೇರವಾಗಿ ಮೈಗೆ ಶಾಖ ಕೊಡುತ್ತದೆ. ಪರದೆ ಮತ್ತು ಹೊದಿಕೆಗಳಿಂದ ದೂರವಿಟ್ಟು, ದೊಡ್ಡ ಪ್ಲಗ್ಗಿಗೆ ಸಿಕ್ಕಿಸಿ, ಇನ್ವರ್ಟರಿನ ಲೈನಿಗೆ ಮಾತ್ರ ಎಂದಿಗೂ ಜೋಡಿಸಬೇಡಿ. ರಾತ್ರಿಯಿಡೀ ಬೇಕೆಂದರೆ ಹಾಸಿಗೆಯ ಮೇಲೆ ಹರಡುವ ವಿದ್ಯುತ್ ಕಂಬಳಿಗಳು ಸಾಮಾನ್ಯವಾಗಿ ನೂರು ವಾಟಿನೊಳಗಿನವು. ದಾದಿಯವರು ಹೇಳಿದ ಸ್ಪರ್ಶದ ಎಚ್ಚರಿಕೆ ಅದಕ್ಕೂ ಸಲ್ಲುತ್ತದೆ.

ಟೈಲ್ಸ್ ನೆಲಕ್ಕೆ ಮಂಚದಿಂದ ಬಚ್ಚಲಿನವರೆಗೆ ಜಾರದಂಥ ದಪ್ಪ ಚಾಪೆಯನ್ನು ಹಾಸಿದರೆ ಸಾಕು, ನೆಲವನ್ನು ಕಿತ್ತು ಮರ ಹೊದೆಸುವ ಖರ್ಚಿಗೆ ಹೋಗಬೇಡಿ. ಕೋಣೆ ಬದಲಿಸುವುದು, ಪರದೆ, ಚಾಪೆ, ಕೌದಿ ಇಷ್ಟನ್ನು ಈ ವಾರವೇ ಮಾಡಬಹುದು. ಮುಚ್ಚಿಗೆಗೆ ಮರದ ಹಲಗೆಯನ್ನೂ ಹಾಕಿಸುವುದಿದ್ದರೆ ಆ ಕೆಲಸವನ್ನು ಮಾತ್ರ ಅಡಿಕೆ ಸುಗ್ಗಿ ಮುಗಿದ ಮೇಲೆ, ಮಾರ್ಚ್–ಏಪ್ರಿಲ್ ಹೊತ್ತಿಗೆ ಇಟ್ಟುಕೊಳ್ಳಿ. ಹಲಗೆ ಚೆನ್ನಾಗಿ ಒಣಗಿರುತ್ತದೆ, ಆದರೆ ಮಳೆಗಾಲದಲ್ಲಿ ಉಬ್ಬುವುದರಿಂದ ಜೋಡಿಸುವಾಗ ಹಲಗೆಗಳ ನಡುವೆ ತುಸು ಎಡೆ ಬಿಡುವಂತೆ ಆಚಾರಿಗೆ ಮೊದಲೇ ಹೇಳಿಡಿ.