ಛೇತ್ರಿಯ ಆ ಫ್ರೀ ಕಿಕ್: ಶಿಳ್ಳೆ ಊದದೆ ಗೋಲ್ ಹೇಗಾಯ್ತು?

ಮಿಡ್‌ಫೀಲ್ಡ್_ಮಂಜು

2023ರ ಮಾರ್ಚ್ 3, ಕಂಠೀರವ ಸ್ಟೇಡಿಯಂ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ನಾಕೌಟ್. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್. 90 ನಿಮಿಷಕ್ಕೆ 0-0. ಎಕ್ಸ್‌ಟ್ರಾ ಟೈಮ್ ಶುರುವಾಗಿ ಸ್ವಲ್ಪ ಹೊತ್ತಿಗೇ, 96ನೇ ನಿಮಿಷದಲ್ಲಿ, ಪೆನಾಲ್ಟಿ ಬಾಕ್ಸ್‌ನ ಹೊರಗೆ ಸಿಕ್ಕ ಫ್ರೀ ಕಿಕ್‌ನ ಬೆಂಗಳೂರಿನ ಸುನಿಲ್ ಛೇತ್ರಿ ಶಿಳ್ಳೆಗೆ ಕಾಯದೆ ಹೊಡೆದೇಬಿಟ್ರು. ಕೇರಳದ ಗೋಲ್‌ಕೀಪರ್ ಗಿಲ್ ಇನ್ನೂ ವಾಲ್ (ಚೆಂಡಿಗೆ ಅಡ್ಡ ನಿಲ್ಲೋ ಆಟಗಾರರ ಸಾಲು) ನಿಲ್ಲಿಸ್ತಾ ಇದ್ರು. ರೆಫರಿ ಕ್ರಿಸ್ಟಲ್ ಜಾನ್ ಗೋಲ್ ಕೊಟ್ರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಂಡನ ಹೊರಗೆ ಕರ್ಕೊಂಡು ಹೋದ್ರು. ವಾಪಸ್ ಬರಲೇ ಇಲ್ಲ, ಬೆಂಗಳೂರು ಸೆಮಿಫೈನಲ್‌ಗೆ ಹೋಯ್ತು.

ಅಂಡರ್-17 ಹುಡುಗರಿಗೆ ಈ ಕ್ಲಿಪ್ ಇಟ್ಕೊಂಡು ಕ್ಲಾಸ್ ಮಾಡಬೇಕು. ನಂಗೆ ಬೇಕಾಗಿರೋದು ಮೂರು. ಶಿಳ್ಳೆ ಇಲ್ಲದ ಫ್ರೀ ಕಿಕ್ ನಿಯಮದ ಪ್ರಕಾರ ಸರೀನಾ? ಕ್ಲಿಪ್‌ನಲ್ಲಿ ಯಾವುದನ್ನ ಮೊದಲು ನೋಡಬೇಕು? ಡಿಫೆಂಡ್ ಮಾಡೋ ತಂಡ ಏನು ಮಾಡಬೇಕಿತ್ತು? ‘ಬಿಎಫ್‌ಸಿ ಮೋಸ’, ‘ಕೇರಳ ಅಳುಬುರುಕ’ ಎರಡೂ ಸಾಕಾಗಿದೆ, ದಯವಿಟ್ಟು ಅದು ಬೇಡ.

ಅಡ್ವಾಂಟೇಜ್_ರೆಫ್

ಶಿಳ್ಳೆಯ ಲೆಕ್ಕ ಮೊದಲು ಚುಕ್ತಾ ಮಾಡೋಣ. ಫೌಲ್‌ಗೆ ಆಟ ನಿಲ್ಲಿಸಲು ಶಿಳ್ಳೆ ಬೇಕೇ ಬೇಕು. ನಿಂತ ಆಟವನ್ನು ಫ್ರೀ ಕಿಕ್‌ನಿಂದ ಮತ್ತೆ ಶುರು ಮಾಡಲು ಬಹುಪಾಲು ಸಂದರ್ಭಗಳಲ್ಲಿ ಬೇಡ. ಬೇಕಾಗುವುದು ಇಷ್ಟು ಕಡೆ: ವಾಲನ್ನು 9.15 ಮೀಟರ್ ಹಿಂದಕ್ಕೆ ಕಳಿಸುವ ಕೆಲಸವನ್ನು ರೆಫರಿ ಕೈಗೆತ್ತಿಕೊಂಡಾಗ, ಹಳದಿ ಅಥವಾ ಕೆಂಪು ಕಾರ್ಡ್ ತೋರಿಸಿದ ಮೇಲೆ, ಗಾಯಕ್ಕಾಗಿ ಆಟ ನಿಂತಿದ್ದರೆ, ಸಬ್‌ಸ್ಟಿಟ್ಯೂಷನ್ ಆದ ಮೇಲೆ. ಇವು ಯಾವುವೂ ಇಲ್ಲದಿದ್ದರೆ ಚೆಂಡು ನಿಶ್ಚಲವಾಗಿರಬೇಕು, ಸರಿಯಾದ ಜಾಗದಲ್ಲಿರಬೇಕು, ಒದ್ದಾಗ ಸ್ಪಷ್ಟವಾಗಿ ಅಲುಗಬೇಕು. ಅಷ್ಟಾದರೆ ಆಟ ಶುರು.

ಟಿವಿ ಚರ್ಚೆಗಳಲ್ಲಿ ಎಲ್ಲರೂ ‘ಇಷ್ಟು ಸೆಕೆಂಡ್ ಆದ ಮೇಲೆ ಅದು ಕ್ವಿಕ್ ಫ್ರೀ ಕಿಕ್ (ಶಿಳ್ಳೆಗೆ ಕಾಯದೆ ಹೊಡೆಯುವ ಕಿಕ್) ಹೇಗಾಗುತ್ತೆ’ ಎಂದು ಗಡಿಯಾರ ಹಿಡಿದು ಕೂತಿದ್ದರು. ನಿಯಮಪುಸ್ತಕದಲ್ಲಿ ಸೆಕೆಂಡಿನ ಮಿತಿಯೇ ಇಲ್ಲ. ಐದು ಸೆಕೆಂಡಿನಲ್ಲಿ ರೆಫರಿ ‘ತಡಿ, ಶಿಳ್ಳೆಗೆ ಕಾಯಿ’ ಎಂದರೆ ಅಲ್ಲಿಗೆ ಕ್ವಿಕ್ ಮುಗಿಯಿತು. ಇಪ್ಪತ್ತು ಸೆಕೆಂಡ್ ಆದರೂ ಹಾಗೆ ಹೇಳದಿದ್ದರೆ ಹೊಡೆಯುವವನ ಹಕ್ಕು ಉಳಿದೇ ಇರುತ್ತದೆ. ಹಾಗಾಗಿ ಈ ಕ್ಲಿಪ್‌ನಲ್ಲಿ ಚೆಂಡಿಗಿಂತ ಹೆಚ್ಚು ನೋಡಬೇಕಾದ್ದು ರೆಫರಿಯನ್ನು. ಶಿಳ್ಳೆಯನ್ನು ಎತ್ತಿ ಹಿಡಿದು ಇನ್ನೊಂದು ಕೈಯಿಂದ ಅದರತ್ತ ಬೆರಳು ತೋರಿಸಿದರೇ? ಹೆಜ್ಜೆ ಎಣಿಸಿ ವಾಲ್‌ನ ಜಾಗ ತೋರಿಸಿದರೇ? ಸ್ಪ್ರೇಯಿಂದ ಗೆರೆ ಎಳೆದರೇ? ಇವುಗಳಲ್ಲಿ ಒಂದನ್ನು ಮಾಡಿದ್ದರೂ ಆ ಕಿಕ್ ರೆಫರಿಯ ಹಿಡಿತಕ್ಕೆ ಬಂತು ಎಂದೇ ಅರ್ಥ.

ತಮಗೆ ಶಿಳ್ಳೆಯೂ ಬೇಡ, ವಾಲ್ ಹಿಂದೆ ಸರಿಸುವುದೂ ಬೇಡ ಎಂದು ರೆಫರಿಗೆ ಹೇಳಿದ್ದಾಗಿ ಛೇತ್ರಿ ಪಂದ್ಯದ ನಂತರ ಟಿವಿಯಲ್ಲಿ ಹೇಳಿದರು. ಅದನ್ನು ಕೇಳಿಸಿಕೊಂಡೇ ಕೇರಳದ ಆಟಗಾರ ಲೂನಾ ಬಂದು ಮೊದಲ ಪ್ರಯತ್ನವನ್ನು ತಡೆದರು ಎಂದೂ ಹೇಳಿದರು. ಇದು ಒಂದು ಕಡೆಯವರ ಮಾತು. ಆದರೂ ರೆಫರಿ ಗೋಲ್ ಕೊಟ್ಟಿದ್ದು ಈ ಮಾತಿಗೆ ಹೊಂದುತ್ತದೆ.

ಕ್ಲಾಸಿಗೆ ಉಪಯೋಗವಾಗುವ ಸಂಗತಿ ಇರುವುದು ಈ ಲೂನಾ ವಿಷಯದಲ್ಲೇ. ಕ್ವಿಕ್ ಕಿಕ್ ಹೊಡೆದ ಮೇಲೆ 9.15 ಮೀಟರ್ ಒಳಗಿದ್ದ ಎದುರಾಳಿಯ ಕಾಲಿಗೆ ಚೆಂಡು ಸಿಕ್ಕರೆ ಆಟ ಮುಂದುವರಿಯುತ್ತದೆ, ತಪ್ಪಿಲ್ಲ. ಹೊಡೆಯುವುದನ್ನೇ ಬೇಕೆಂದು ತಡೆದರೆ ಹಳದಿ ಕಾರ್ಡ್. ಅಲ್ಲಿ ರೆಫರಿ ಲೂನಾಗೆ ಕಾರ್ಡ್ ತೋರಿಸಿದ್ದರೆ ಮುಂದಿನ ಕಿಕ್‌ಗೆ ಶಿಳ್ಳೆ ಕಡ್ಡಾಯವಾಗುತ್ತಿತ್ತು. ವಾಲ್ ನಿಲ್ಲುತ್ತಿತ್ತು, ಗಿಲ್ ಜಾಗಕ್ಕೆ ಬರುತ್ತಿದ್ದರು, ಈ ಗಲಾಟೆಯೇ ಇರುತ್ತಿರಲಿಲ್ಲ. ಕಾರ್ಡ್ ಬೀಳದಿದ್ದುದರಿಂದ ಕೇರಳಕ್ಕೆ ಲಾಭವಾಯಿತು ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಆದದ್ದು ಉಲ್ಟಾ.

ಗ್ಲೌಸ್_ನಂಬರ್_1

ಮೂರನೇ ಪ್ರಶ್ನೆಗೆ ನಾನು. ನಿಯಮ ಯಾರ ಕಡೆಗಾದ್ರೂ ಇರಲಿ, ಕೀಪರ್ ಪೋಸ್ಟ್ ಹತ್ರ ಹೋಗಿ ವಾಲ್ ಜೋಡಿಸೋಕೆ ನಿಂತ ಅಂದ್ರೆ ಇನ್ನೊಂದು ಕಡೆ ಪೂರಾ ಖಾಲಿ. ಗೋಲ್ ಅಗಲ 7.32 ಮೀಟರ್. ಪೋಸ್ಟ್‌ನಿಂದ ಮಧ್ಯಕ್ಕೆ ಬರೋಕೇ 3.66 ಮೀಟರ್. 20 ಮೀಟರ್ ದೂರದಿಂದ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊಡೆದ ಚೆಂಡು ಒಂದೇ ಸೆಕೆಂಡಿಗೆ ಬಂದ್ಬಿಡುತ್ತೆ. ಕೀಪರ್ ಕಣ್ಣು ವಾಲ್ ಮೇಲಿದ್ರೆ ಕಿಕ್ ಆಗಿದ್ದು ಗೊತ್ತಾಗೋಕೇ ಅದರಲ್ಲಿ ಅರ್ಧ ಹೋಗುತ್ತೆ. ಡೈವ್ ಮಾತು ಬಿಡಿ, ಮೊದಲ ಹೆಜ್ಜೆ ಇಡೋ ಹೊತ್ತಿಗೆ ಗೋಲ್.

ಹುಡುಗರಿಗೆ ಕಲಿಸಬೇಕಾಗಿರೋದು ಇದು:

ಫೌಲ್ ಶಿಳ್ಳೆ ಬಿದ್ದ ತಕ್ಷಣ ಹತ್ತಿರದಲ್ಲಿರೋ ಒಬ್ಬ ಚೆಂಡು ಮತ್ತು ಗೋಲ್ ನಡುವಿನ ಗೆರೆಗೆ ಬರಬೇಕು. ಮುಖ ಚೆಂಡಿನ ಕಡೆ, ಹಿಂದಕ್ಕೆ ನಡೀತಾ. ಹಾಗೆ ಹಿಂದೆ ಸರೀತಾ ಇರೋವಾಗ ಚೆಂಡು ತಾಗಿದ್ರೆ ಸಾಮಾನ್ಯವಾಗಿ ಕಾರ್ಡ್ ಬರಲ್ಲ. ಚೆಂಡಿನ ಮುಂದೆ ಕಂಬದ ಥರ ನಿಂತ್ರೆ, ಚೆಂಡನ್ನ ಕಾಲಲ್ಲಿ ತಳ್ಳಿದ್ರೆ, ಕೈಗೆತ್ಕೊಂಡು ಹೋದ್ರೆ ಬರುತ್ತೆ.

ರೆಫರಿ ಶಿಳ್ಳೆ ತೋರಿಸೋವರೆಗೂ ಕೀಪರ್ ಪೋಸ್ಟ್‌ಗೆ ಅಂಟಿಕೊಳ್ಳಬಾರದು. ಮಧ್ಯದಿಂದ ಒಂದು ಹೆಜ್ಜೆ ಅಷ್ಟೇ ಪಕ್ಕಕ್ಕೆ, ಕಣ್ಣು ಚೆಂಡಿನ ಮೇಲೆ, ಬಾಯಲ್ಲಿ ವಾಲ್‌ಗೆ ಎಷ್ಟು ಜನ ಅನ್ನೋ ನಂಬರ್ ಮಾತ್ರ: ‘ನಾಲ್ಕು! ನಾಲ್ಕು!’. ವಾಲ್‌ನ ಎಡಕ್ಕೆ ಬಲಕ್ಕೆ ಸರಿಸೋ ಕೆಲಸ ಒಬ್ಬ ಫಾರ್ವರ್ಡ್‌ಗೆ ಕೊಡಿ. ಅವನು ಚೆಂಡಿನ ಹಿಂದುಗಡೆ ದೂರದಲ್ಲಿ ನಿಂತು, ಚೆಂಡು ಮತ್ತು ಹತ್ತಿರದ ಪೋಸ್ಟ್ ಒಂದೇ ಗೆರೆಗೆ ಬರೋ ಹಾಗೆ ನೋಡ್ಕೊಂಡು, ಹೊರಗಿನಿಂದ ಎರಡನೇ ಆಟಗಾರನನ್ನ ಆ ಗೆರೆ ಮೇಲೆ ನಿಲ್ಲಿಸ್ತಾನೆ. ಮೊದಲನೆಯವನು ಪೋಸ್ಟ್‌ನಿಂದ ಆಚೆ ಇರ್ತಾನೆ, ಸುತ್ತಿ ಬರೋ ಚೆಂಡಿಗೆ. ಕೀಪರ್ ಪೋಸ್ಟ್‌ಗೆ ಹೋಗೋ ಅಗತ್ಯಾನೇ ಬೀಳಲ್ಲ.

ಕ್ಯಾಪ್ಟನ್ ಒಬ್ಬನೇ ರೆಫರಿ ಹತ್ರ ಹೋಗಿ ‘ಸರ್, ವಿಷಲ್‌ಗಾ?’ ಅಂತ ಕೇಳಲಿ. ಉತ್ತರ ಬರೋವರೆಗೂ ಯಾರೂ ಚೆಂಡಿಗೆ ಬೆನ್ನು ಹಾಕಬಾರದು. ಆವತ್ತು ಲೂನಾ ಒಬ್ಬರಿಗೆ ಅನುಮಾನ ಬಂದಿತ್ತು ಅನ್ನೋದಾದ್ರೆ ಅದು ಉಳಿದವರ ಕಿವಿಗೆ ಮುಟ್ಟಲಿಲ್ಲ. ತಂಡದ ತಪ್ಪು ಅಂತ ಕರೀಬಹುದಾದ್ದು ಅಷ್ಟೇ.

ಕಾಸ್ರೋಡ್_ಕೆಂಪಣ್ಣ

ಎಲ್ಲ ಸರಿ ಮಾರಾಯ್ರೆ, ಆದರೆ ರೆಫರಿಯನ್ನು ಇಷ್ಟು ಸುಲಭದಲ್ಲಿ ಬಿಟ್ಟುಬಿಡಬೇಡಿ. ಬಾಕ್ಸಿನ ಅಂಚಿನಲ್ಲಿ ಫ್ರೀ ಕಿಕ್ ಆದಾಗ ರೆಫರಿಗೆ ಇರುವುದು ಎರಡೇ ದಾರಿ. ಕ್ವಿಕ್ ಬಿಡುವುದಾದರೆ ಚೆಂಡಿನಿಂದ ದೂರ ಹೋಗಿ ದಾರಿ ಬಿಡಬೇಕು. ಹಿಡಿತಕ್ಕೆ ತೆಗೆದುಕೊಳ್ಳುವುದಾದರೆ ಶಿಳ್ಳೆ ತೋರಿಸಿ ಎರಡೂ ಕಡೆಯವರಿಗೆ ತಿಳಿಯುವ ಹಾಗೆ ಹೇಳಬೇಕು. ಹೊಡೆಯುವವನ ಜೊತೆ ಮಾತಾಡಿ, ಒಂದು ಪ್ರಯತ್ನ ತಡೆದದ್ದನ್ನೂ ನೋಡಿ, ಆಮೇಲೂ ಡಿಫೆಂಡ್ ಮಾಡುವವರಿಗೆ ಏನೂ ತಿಳಿಸದೆ ಇದ್ದರೆ ‘ಈಗ ವಾಲ್ ಆಗುತ್ತದೆ’ ಅಂತಲೇ ಯಾರಿಗೂ ಅನ್ನಿಸುವುದು. ನಿಯಮ ಮುರಿದಿಲ್ಲ ಅಂತ ಬೇಕಾದರೆ ಒಪ್ಪುವ. ಆದರೆ ನಾಕೌಟ್ ಪಂದ್ಯದ ಎಕ್ಸ್‌ಟ್ರಾ ಟೈಮಿನಲ್ಲಿ ಹಾಗೆ ಪಂದ್ಯ ನಡೆಸುವುದು ಚಂದವಾ?

2004ರ ಡಿಸೆಂಬರ್‌ನಲ್ಲಿ ಹೈಬರಿಯಲ್ಲಿ ಆರ್ಸೆನಲ್‌ನ ಆನ್ರಿ ಚೆಲ್ಸಿಗೆ ಹೊಡೆದ ಗೋಲೂ ಇದೇ ಜಾತಿಯದ್ದು. ಚೆಲ್ಸಿಯ ಕೀಪರ್ ಪೀಟರ್ ಚೆಕ್ ಗೋಲ್‌ಪೋಸ್ಟ್ ಹತ್ತಿರ ವಾಲ್ ಜೋಡಿಸುತ್ತಿದ್ದರು, ರೆಫರಿ ಗ್ರಹಾಂ ಪೋಲ್ ಆನ್ರಿಗೆ ಮೊದಲೇ ಅನುಮತಿ ಕೊಟ್ಟಿದ್ದರು. ಅಂದಿನಿಂದ ಇಂದಿನವರೆಗೂ ಅದೇ ಜಗಳ: ಹೊಡೆಯುವವನಿಗೆ ಮಾತ್ರ ಗೊತ್ತು, ತಡೆಯುವವರಿಗೆ ಗೊತ್ತಿಲ್ಲ.

ಮೈದಾನ ಬಿಟ್ಟು ಹೋದದ್ದನ್ನು ಸಮರ್ಥಿಸುವುದಿಲ್ಲ. ಅದು ಬೇರೆ ಕಥೆ.

ಫ್ರೇಮ್_ಬೈ_ಫ್ರೇಮ್

ಎರಡನೇ ಪ್ರಶ್ನೆಗೆ ಯಾರೂ ಪೂರ್ತಿ ಬಂದಿಲ್ಲ, ಕ್ಲಿಪ್ ನೋಡುವ ಕ್ರಮ ಹೇಳುತ್ತೇನೆ.

ಮೊದಲು ಕ್ಲಿಪ್ ಅಖಂಡವಾಗಿದೆಯೇ ನೋಡಿ. ಫೌಲ್ ಆದ ಮೇಲೆ ಪ್ರಸಾರದವರು ಸಾಮಾನ್ಯವಾಗಿ ರೀಪ್ಲೇ ಅಥವಾ ಆಟಗಾರರ ಮುಖದ ಕ್ಲೋಸ್‌ಅಪ್‌ಗೆ ಹೋಗುತ್ತಾರೆ. ನಮಗೆ ಬೇಕಾದ ರೆಫರಿಯ ಸನ್ನೆ ಇರುವುದು ಆ ಸೆಕೆಂಡುಗಳಲ್ಲೇ. ವಾಟ್ಸಾಪ್‌ನಲ್ಲಿ ಓಡಾಡುವ ಹನ್ನೆರಡು ಸೆಕೆಂಡಿನ ತುಂಡು ಗೋಲ್ ತೋರಿಸುತ್ತದೆ ಅಷ್ಟೇ, ವಿವಾದ ಅದರಲ್ಲಿ ಇರುವುದೇ ಇಲ್ಲ. ಫೌಲ್‌ನ ಶಿಳ್ಳೆಯಿಂದ ಗೋಲ್‌ವರೆಗೆ ಕತ್ತರಿ ಬೀಳದ ಅಗಲ ಕೋನದ ದೃಶ್ಯ ಬೇಕು. ಸ್ಟ್ಯಾಂಡ್‌ನಿಂದ ತೆಗೆದ ಮೊಬೈಲ್ ವಿಡಿಯೊ ಇದಕ್ಕೆ ಎಷ್ಟೋ ಸಲ ಟಿವಿಗಿಂತ ವಾಸಿ.

ಆಮೇಲೆ ಅದನ್ನೇ ನಾಲ್ಕು ಸಲ ಓಡಿಸಿ, ಪ್ರತಿ ಸಲ ಒಂದನ್ನೇ ನೋಡಿ. ಒಮ್ಮೆ ರೆಫರಿಯ ಕೈ ಮತ್ತು ಶಿಳ್ಳೆ. ಒಮ್ಮೆ ಚೆಂಡು: ಒದೆಯುವ ಮುಂಚಿನ ಐದಾರು ಫ್ರೇಮ್‌ಗಳಲ್ಲಿ ಉರುಳುತ್ತಿದೆಯೇ? ಸೆಕೆಂಡಿಗೆ 25 ಫ್ರೇಮ್‌ನ ವಿಡಿಯೊದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್, ಅಷ್ಟು ಸಾಕು. ಒಮ್ಮೆ ಕೀಪರ್: ಪಾದ ಎಲ್ಲಿದೆ ಅನ್ನುವುದಕ್ಕಿಂತ ತಲೆ ಯಾವ ಕಡೆ ತಿರುಗಿದೆ ನೋಡಿ. ಕೊನೆಗೆ ದಾಳಿ ಮಾಡುವ ತಂಡದ ಉಳಿದವರು. ಇದನ್ನು ಎಲ್ಲರೂ ಮರೆಯುತ್ತಾರೆ. ಫ್ರೀ ಕಿಕ್‌ಗೆ ಆಫ್‌ಸೈಡ್ ವಿನಾಯಿತಿ ಇಲ್ಲ. ಡಿಫೆಂಡರ್‌ಗಳು ಚದುರಿರುವ ಹೊತ್ತಿನಲ್ಲಿ ಹೊಡೆದವನ ಜೊತೆಗಾರ ಆಫ್‌ಸೈಡ್ ಜಾಗದಲ್ಲಿ ಕೀಪರ್‌ನ ದೃಷ್ಟಿಗೆ ಅಡ್ಡ ನಿಂತಿದ್ದರೆ, ಚೆಂಡು ಮುಟ್ಟದಿದ್ದರೂ ಗೋಲ್ ಹೋಗುತ್ತದೆ.

ಶಬ್ದವನ್ನು ನಂಬಬೇಡಿ. ಸ್ಟೇಡಿಯಂ ಗದ್ದಲದಲ್ಲಿ ಶಿಳ್ಳೆ ಕೇಳದಿರಬಹುದು, ಗ್ಯಾಲರಿಯಿಂದ ಯಾರೋ ಊದಿದ್ದೂ ಕೇಳಬಹುದು, ಮರು ಅಪ್‌ಲೋಡ್ ಮಾಡಿದ ಕ್ಲಿಪ್‌ನಲ್ಲಿ ಶಬ್ದ ದೃಶ್ಯಕ್ಕಿಂತ ಹಿಂದುಮುಂದಾಗಿರುವುದು ಮಾಮೂಲು.

ವಿಎಆರ್ (ವಿಡಿಯೊ ನೋಡಿ ರೆಫರಿಯ ತೀರ್ಮಾನ ಪರಿಶೀಲಿಸುವ ವ್ಯವಸ್ಥೆ) ಇದ್ದಿದ್ದರೆ ಎನ್ನುವವರಿಗೆ: ಐಎಸ್‌ಎಲ್‌ನಲ್ಲಿ ಆಗ ಇರಲಿಲ್ಲ. ಇದ್ದರೂ ಗೋಲ್ ಆದಾಗ ಅದು ನೋಡುವುದು ದಾಳಿಯವರ ಫೌಲ್, ಹ್ಯಾಂಡ್‌ಬಾಲ್, ಆಫ್‌ಸೈಡ್, ಚೆಂಡು ಗೆರೆ ದಾಟಿತೇ ಎಂಬಂಥವನ್ನು. ‘ಶಿಳ್ಳೆಗೆ ಕಾಯಬೇಕಿತ್ತೇ’ ಎಂಬುದು ಆ ಪಟ್ಟಿಯಲ್ಲಿಲ್ಲ.

ಮಿಡ್‌ಫೀಲ್ಡ್_ಮಂಜು

ಸಖತ್. ಲೂನಾ ಕಾರ್ಡ್ ಪಾಯಿಂಟ್ ನನಗೆ ಹೊಳೆದಿರಲೇ ಇಲ್ಲ. ಒಂದು ಅನುಮಾನ: ಕೇರಳ ಹೊರಗೆ ಹೋಗದೆ ಆಟ ಮುಗಿಸಿ ದೂರು ಕೊಟ್ಟಿದ್ರೆ ಫಲಿತಾಂಶ ಬದಲಾಗ್ತಿತ್ತಾ? ಹುಡುಗರು ಇದನ್ನ ಕೇಳೇ ಕೇಳ್ತಾರೆ.

ಅಡ್ವಾಂಟೇಜ್_ರೆಫ್

ಗೋಲ್ ರದ್ದಾಗುತ್ತಿರಲಿಲ್ಲ. ಗೋಲ್ ಹೌದೋ ಅಲ್ಲವೋ ಎಂಬುದೂ ಸೇರಿ ಆಟದ ಸಂಗತಿಗಳ ಬಗ್ಗೆ ರೆಫರಿಯ ತೀರ್ಮಾನವೇ ಅಂತಿಮ. ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಕೇರಳದ ಬೇಡಿಕೆಯನ್ನು ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ಶಿಸ್ತು ಸಮಿತಿ ತಳ್ಳಿಹಾಕಿತು. ಆದರೆ ಮೈದಾನದಲ್ಲೇ ಉಳಿದಿದ್ದರೆ ಫಲಿತಾಂಶ ಬದಲಾಗುವ ಸಾಧ್ಯತೆ ಖಂಡಿತ ಇತ್ತು. ಎಕ್ಸ್‌ಟ್ರಾ ಟೈಮಿನಲ್ಲಿ ಇನ್ನೂ 20 ನಿಮಿಷದ ಮೇಲೆ ಆಟ ಬಾಕಿ, ಬೇಕಾಗಿದ್ದು ಒಂದು ಗೋಲ್.

2007ರ ಫೆಬ್ರವರಿಯ ಚಾಂಪಿಯನ್ಸ್ ಲೀಗ್ ಪಂದ್ಯವನ್ನು ಪಕ್ಕದಲ್ಲಿಟ್ಟು ತೋರಿಸಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಗಿಗ್ಸ್ ಇದೇ ರೀತಿ ಹೊಡೆದಾಗ ಎದುರಾಳಿ ಫ್ರೆಂಚ್ ತಂಡ ಲೀಲ್‌ನ ಆಟಗಾರರು ಸೈಡ್‌ಲೈನ್ ಕಡೆ ನಡೆದರು, ಆದರೆ ವಾಪಸ್ ಬಂದು ಪಂದ್ಯ ಮುಗಿಸಿದರು. 0-1ರಿಂದ ಸೋತರು, ದೂರು ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎಯಲ್ಲಿ ನಿಲ್ಲಲಿಲ್ಲ, ಆದರೆ ಎರಡನೇ ಲೆಗ್ ಆಡುವ ಅವಕಾಶ ಕೈಯಲ್ಲಿತ್ತು. ಕೇರಳಕ್ಕೆ ಅದು ಒಂದೇ ಪಂದ್ಯದ ನಾಕೌಟ್. ಬೆಂಗಳೂರು ಸೆಮಿಫೈನಲ್‌ಗೆ ಹೋಯಿತು. ಕೇರಳ ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ ಮತ್ತು 5 ಲಕ್ಷ ದಂಡ ಬಿತ್ತು. ಬಹಿರಂಗ ಕ್ಷಮೆ ಕೇಳದಿದ್ದರೆ ಅದು 6 ಕೋಟಿ ಮತ್ತು 10 ಲಕ್ಷ ಎಂಬ ಷರತ್ತೂ ಇತ್ತು.

ಕೆಂಪಣ್ಣ ಅವರ ಮಾತಿಗೆ: ಒಪ್ಪುತ್ತೇನೆ. ಕಾನೂನಿನಲ್ಲಿ ಗೋಲ್ ನಿಲ್ಲುತ್ತದೆ, ಆದರೆ ನಿರ್ವಹಣೆಗೆ ಪೂರ್ತಿ ಅಂಕ ಕೊಡಲಾರೆ. ಲೂನಾ ಅಡ್ಡ ಬಂದ ಕ್ಷಣದಲ್ಲಿ ಕಾರ್ಡ್ ತೋರಿಸಿ ಕಿಕ್‌ನ ಹಿಡಿತ ತೆಗೆದುಕೊಳ್ಳುವುದೇ ಶುದ್ಧವಾದ ದಾರಿಯಾಗಿತ್ತು.

ಗ್ಲೌಸ್_ನಂಬರ್_1

ಮಂಜು, ಕ್ಲಾಸ್ ಆದ್ಮೇಲೆ ಮೈದಾನದಲ್ಲಿ ಹೀಗೆ ಮಾಡ್ಸಿ. ಬಾಕ್ಸ್ ಅಂಚಿಂದ ಒಂದೆರಡು ಮೀಟರ್ ಹೊರಗೆ ಮೂರು ಚೆಂಡು: ಎಡ, ಮಧ್ಯ, ಬಲ. ಆರು ಡಿಫೆಂಡರ್, ಒಬ್ಬ ಕೀಪರ್, ಮೂರು ಜನ ಹೊಡೆಯೋರು. ನೀವೇ ರೆಫರಿ. ಫೌಲ್‌ಗೆ ಶಿಳ್ಳೆ ಊದಿ ಯಾವ ಚೆಂಡು ಅಂತ ಕೈ ತೋರ್ಸಿ. ಕೆಲವು ಸಲ ಶಿಳ್ಳೆ ಎತ್ತಿ ತೋರ್ಸಿ, ಕೆಲವು ಸಲ ಏನೂ ಮಾಡದೆ ದೂರ ನಡ್ಕೊಂಡು ಹೋಗಿ. ಯಾವಾಗ ಯಾವುದು ಅಂತ ಮೊದಲೇ ಹೇಳಬೇಡಿ. ಶಿಳ್ಳೆ ತೋರ್ಸಿಲ್ಲ ಅಂದ್ರೆ ಹೊಡೆಯೋರು ಯಾವಾಗ ಬೇಕಾದ್ರೂ ಹೊಡೀಬಹುದು. ಎರಡೇ ಸುತ್ತಿಗೆ ಡಿಫೆಂಡರ್‌ಗಳು ಚೆಂಡಿಗೆ ಬೆನ್ನು ಹಾಕೋದು ನಿಲ್ಲಿಸ್ತಾರೆ, ಕೀಪರ್‌ಗೆ ಮಾತ್ರ ಇನ್ನೂ ಒಂದೆರಡು ಗೋಲ್ ತಿನ್ನಬೇಕಾಗುತ್ತೆ.